ಶಿಳ್ಳೆ ಹಾಕಬಾರದು

ನಮ್ಮ ಮನೆಯ ಕೆಟಲಿಗೆ ಶಿಳ್ಳೆ ಇರಲಿಲ್ಲ.
ತಂದ ದಿನವೇ ಅಜ್ಜಿ ಸುನಿಲ್ದಾ
ಅದರ ಮೂತಿಯ ತಗಡನ್ನು ಇಕ್ಕಳದಲ್ಲಿ ಕಿತ್ತು
ಕಿಟಕಿಯಾಚೆ ಎಸೆದಳಂತೆ.
ಮೂರು ಮನೆಗಳ ಮಾಡಿಗೆ ಠಣ್ಣೆಂದು ಬಡಿದು
ಬಂದರಿನ ಕಡೆ ಉರುಳಿತಂತೆ ಅದು.
ವಾಲ್ಪರೈಸೊದಲ್ಲಿ ಕೈಬಿಟ್ಟದ್ದೆಲ್ಲ ಕಡಲಿಗೇ ಹೋಗುವುದು.

ಕಾರಣ ಇಷ್ಟೆ:
ಅಜ್ಜ ರುಪೆರ್ತೊ ಬಾರ್ಲೊವೆಂತೊ ರಂಗಮಂದಿರದಲ್ಲಿ ಹಗ್ಗದಾಳು.
ಅವನಪ್ಪ ಫೆರ್ಮಿನ್ ಕೂಡ, ಹಡಗು ಬಿಟ್ಟು ಬಂದವನು.
ಹಾಯಿ ಏರಿಸಿದ ಕೈಗಳೇ ಬೇಕಿತ್ತು
ಪರದೆ ಏರಿಸಲಿಕ್ಕೆ.

ಪೆಟ್ಲುಪ್ಪಿನ ದುಡ್ಡಿನಲ್ಲಿ ಕೊಬ್ಬಿದ ಧಣಿಗಳು
ತಾವು ಕಾಣದ ಇಟಲಿಯಿಂದ ನಕ್ಷೆ ತರಿಸಿ
ಎಬ್ಬಿಸಿದ್ದರು ಅದನ್ನು: ನಾಲ್ಕು ಅಂತಸ್ತು,
ಗಾರೆಯ ಗಂಧರ್ವರು, ಎಂಟುನೂರ ಹನ್ನೆರಡು ಕುರ್ಚಿ.
ಗೋಡೆಯೊಳಗಿನ ಮರ ಮಾತ್ರ
ಖಾಲಿ ಹಡಗುಗಳು ತೂಕಕ್ಕೆಂದು
ಹೊಟ್ಟೆಯಲ್ಲಿ ಹೇರಿ ತಂದ ಪೈನು.
ಗಾಳಿಯೆದ್ದ ರಾತ್ರಿ ಇಡೀ ಮಂದಿರ
ಲಂಗರು ಹಾಕಿದ ಹಾಗೆ ನರಳುತ್ತಿತ್ತು.

ಒಂದು ಉದ್ದ ಶಿಳ್ಳೆಗೆ ಕಾಡು ಇಳಿಯುವುದು,
ಎರಡು ಗಿಡ್ಡಕ್ಕೆ ಅರಮನೆ ಏರುವುದು.
ಯಾವನೋ ನಟ ಮೈಮರೆತು ತುಟಿಯಲ್ಲಿ ರಾಗ ಊದಿದರೆ
ತಲೆಯ ಮೇಲೆ ಇನ್ನೂರು ಕಿಲೊ ಆಕಾಶ.
ಬಿದ್ದಿತ್ತು ಒಮ್ಮೆ. ಯಾರ ಮೇಲೆಂದು
ಅಜ್ಜ ಕೊನೆಗೂ ಹೇಳಲಿಲ್ಲ.
ಅಲ್ಲಿನ ಹಲಗೆಯ ಬಣ್ಣ ಬೇರೆ.

ಆಗಸ್ಟಿನ ಒಂದು ಸಂಜೆ ನೆಲ ಮೈಕೊಡವಿದಾಗ
ಗುಮ್ಮಟ ಬಂದು ಕುರ್ಚಿಗಳಲ್ಲಿ ಕೂತಿತು.
ಹಗ್ಗದ ಅಟ್ಟ ನಿಂತಿತು.
ಹಗ್ಗಕ್ಕೆ ತೂಗಲು ಬರುತ್ತದೆ, ಕಲ್ಲಿಗೆ ಬರುವುದಿಲ್ಲ,
ಅಂದನಂತೆ ಫೆರ್ಮಿನ್; ಅಥವಾ ಅಂದದ್ದು ಬೇರೆ ಯಾರೋ.
ಮಖಮಲ್ಲಿನ ಪರದೆ ಕತ್ತರಿಸಿ
ಗಾಯಾಳುಗಳಿಗೆ ಹೊದಿಸಿದರು.
ಏಳನೆಯ ಬಾಕ್ಸಿನಲ್ಲಿ ಆ ವಾರ ಹುಟ್ಟಿದ ಹೆಣ್ಣುಮಗುವಿಗೆ
ಬದುಕಿಡೀ ಟಿಕೆಟ್ಟಿಲ್ಲ ಎಂದು ಊರು ಮಾತು ಕೊಟ್ಟಿತು.
ಒಂದಾಟಕ್ಕೂ ಬರಲಿಲ್ಲ ಅವಳು.
ಮೇಲೆ ನೋಡಲು ಭಯ.

ಮತ್ತೆ ಕಟ್ಟಿದರು. ಮತ್ತೆ ಹಾಡಿದರು.
ಸಿನಿಮಾ ಬಂತು, ಬಾಕ್ಸಿಂಗು ಬಂತು,
ಎರಡು ಚಳಿಗಾಲ ಆಲೂಗಡ್ಡೆ ಚೀಲಗಳು
ಮೊದಲ ಸಾಲಿನಲ್ಲಿ ಗಣ್ಯರಂತೆ ಕೂತವು.

ಕರ್ಫ್ಯೂವಿನ ವರ್ಷಗಳಲ್ಲಿ
ಐದನೆಯ ಅಂಕಕ್ಕೆ ಹೊತ್ತಿರುತ್ತಿರಲಿಲ್ಲ.
ನಾಲ್ಕಕ್ಕೇ ಪರದೆ ಇಳಿಸಿ
ಜನ ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿದ್ದರು.
ಹಾಗಾಗಿ ನಮ್ಮಮ್ಮನ ಓರಗೆಯವರಿಗೆ
ಯಾವ ನಾಟಕದಲ್ಲಿ ಯಾರು ಸತ್ತರೆಂದು ಗೊತ್ತಿಲ್ಲ.
ರಾಜಕುಮಾರ ವಿಷದ ಬಟ್ಟಲು ಎತ್ತಿಕೊಂಡು
ಇನ್ನೂ ನಿಂತೇ ಇದ್ದಾನೆ ಅವರ ಪಾಲಿಗೆ.
ಸಾವೆಲ್ಲ ಹೊರಗೆ ನಡೆಯುತ್ತಿತ್ತು.
ದೀಪದ ನಸಾರಿಯೊ ಒಂದು ಸೋಮವಾರ
ಕೆಲಸಕ್ಕೆ ಬರಲಿಲ್ಲ.
ಅವನ ಟೋಪಿ ಇಂದಿಗೂ ಮೊಳೆಯಲ್ಲಿದೆ.
ಆ ಗೋಡೆಗೆ ಮೂರು ಸಲ ಬಣ್ಣ ಬಳಿದಿದ್ದಾರೆ,
ಟೋಪಿಯಷ್ಟು ಜಾಗ ಬಿಟ್ಟು.

ಈಗ ಮೋಟಾರು. ನನ್ನ ಬೆರಳಡಿ ಮೂವತ್ತೆರಡು ಗುಂಡಿ.
ಒತ್ತಿದರೆ ಕಾಡು, ಒತ್ತಿದರೆ ಅರಮನೆ,
ಕೈಗೆ ಬೊಬ್ಬೆಯಿಲ್ಲ.
ಮೊನ್ನೆ ಮರು ಉದ್ಘಾಟನೆಗೆ ಮೇಯರ್ ಬಂದು
ಅಮೃತಶಿಲೆಯ ಫಲಕದ ಬಟ್ಟೆ ಸರಿಸಿದರು:
ಕಟ್ಟಿದ ವರ್ಷ, ಬಿದ್ದ ವರ್ಷ, ದಾನಿಗಳ ಹೆಸರು.
ಹಗ್ಗದ ಮಾತಿಲ್ಲ. ಇರಲಿ,
ಕಲ್ಲಿಗೇನು ಗೊತ್ತು.

ಎಲ್ಲರೂ ಹೋದ ಮೇಲೆ
ಒಂಟಿ ಬಲ್ಬು ಉರಿಯುವ ರಂಗದ ಮೇಲೆ ನಿಂತು,
ಮೂರು ತಲೆಮಾರು ನುಂಗಿಕೊಂಡದ್ದನ್ನು
ತುಟಿ ಸೊಟ್ಟ ಮಾಡಿ ಹೊರಗೆ ಬಿಟ್ಟೆ:
ಒಂದು ಉದ್ದ. ಎರಡು ಗಿಡ್ಡ.

ಏನೂ ಬೀಳಲಿಲ್ಲ.
ಸ್ವಲ್ಪ ಧೂಳು, ಅಷ್ಟೆ,
ಅದೂ ಮೊದಲೇ ಇಳಿಯುತ್ತಿತ್ತೇನೊ.

ಆದರೆ ನಿಜ ಹೇಳಬೇಕು:
ಊದುವ ಮೊದಲೇ ನಾನು
ಆ ಬಣ್ಣ ಬೇರೆಯಾದ ಹಲಗೆಯಿಂದ
ಒಂದು ಹೆಜ್ಜೆ ಸರಿದು ನಿಂತಿದ್ದೆ.